ಮಗಳನ್ನು ಕಳೆದುಕೊಂಡ ತಾಯಿ, ಮಕ್ಕಳನ್ನು ಕೊಡದ ಪಾಲಕಿ: ಎರಡೂ ಕಡೆ ನಿಂತ ಆನಿ ಬೆಸೆಂಟ್

ಹೋಂ ರೂಲ್ ಅಂದ ಕೂಡಲೇ ಪರೀಕ್ಷೆಗೆ ಓದಿದ ಎರಡು ಸಾಲು ನೆನಪಾಗುತ್ತವೆ. ತಿಲಕರು ಒಂದು ಲೀಗ್ ಕಟ್ಟಿದರು, ಆನಿ ಬೆಸೆಂಟ್ ಇನ್ನೊಂದು ಕಟ್ಟಿದರು. ತಿಲಕರದ್ದು 1916ರ ಏಪ್ರಿಲ್‌ನಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. ಇಬ್ಬರೂ ಸೀಮೆ ಹಂಚಿಕೊಂಡಾಗ ಮಹಾರಾಷ್ಟ್ರದ ಜೊತೆ ಕರ್ನಾಟಕವೂ ತಿಲಕರ ಪಾಲಿಗೆ ಹೋಯಿತು. ಅಂದರೆ ಗೋಕಾಕ, ಹುಕ್ಕೇರಿ ಎಲ್ಲ ಅವರ ಕಡೆ. ಮಂಗಳೂರಿನಲ್ಲಿ ಬೆಸೆಂಟ್ ಹೆಸರಿನ ಶಾಲೆ 1918ರಿಂದ ಇದೆ. ನಮ್ಮ ಘಟಪ್ರಭಾ ದಂಡೆಯಲ್ಲಿ ಆಕೆ ಪಠ್ಯಪುಸ್ತಕದ ಬಿಳಿ ಸೀರೆಯ ಅಜ್ಜಿಯಾಗಿಯೇ ಉಳಿದರು.

ನಾನು ಈಗ ಆಕೆಯ ಬದುಕು ಓದೋಕೆ ಶುರು ಮಾಡಿದ್ದು ಹೋಂ ರೂಲ್ ಸಲುವಾಗಿ ಅಲ್ಲ. ಕೆಲವು ತಿಂಗಳಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಮಕ್ಕಳ ಕಸ್ಟಡಿ ಕೇಸಿನಲ್ಲಿ ಸಿಕ್ಕಿಕೊಂಡ ಗಂಡ-ಹೆಂಡಿರ ಜೊತೆ ಮಾತಾಡ್ತಾ ಇದ್ದೇನೆ. ಹೆಚ್ಚಿನವರು ನನ್ನ ವಯಸ್ಸಿನವರು, ಮೂವತ್ತರ ಆಸುಪಾಸು. ಕೆಲವರ ಬಳಿ ಕೋರ್ಟಿನ ಆದೇಶ ಇದೆ. ತಿಂಗಳಿಗೆ ಎರಡು ಭಾನುವಾರ, ಬೆಳಿಗ್ಗೆ ಇಷ್ಟರಿಂದ ಸಂಜೆ ಇಷ್ಟರವರೆಗೆ ಮಗುವನ್ನು ನೋಡಬಹುದು ಅಂತ ಸ್ಪಷ್ಟವಾಗಿ ಬರೆದಿದೆ. ಭಾನುವಾರ ಹೋದರೆ ಮನೆಗೆ ಬೀಗ. ಇಲ್ಲಾ ಮಗುವಿಗೆ ಜ್ವರ. ಇಲ್ಲಾ ಮಗು ಜಾತ್ರೆಗೆ ಹೋಗಿದೆ. ಒಬ್ಬ ತಂದೆ ಪ್ರತಿ ಸಲ ಒಂದು ಡಬ್ಬಿ ಕರದಂಟು ಒಯ್ದು, ಅದನ್ನೇ ವಾಪಸ್ ತಂದು, ಅಂಗಡಿ ಹುಡುಗರಿಗೆ ಹಂಚುತ್ತಾನೆ. ಒಬ್ಬ ತಾಯಿಯ ಮಗನನ್ನು ಗಂಡನ ಮನೆಯವರು ಗಡಿಯಾಚೆ ಗಡಹಿಂಗ್ಲಜ ಕಡೆಯ ನೆಂಟರ ಮನೆಯಲ್ಲಿ ಬಿಟ್ಟಿದ್ದಾರೆ. ಆಕೆಗೆ ಹುಡುಗನ ಶಾಲೆ ಯಾವುದು ಅಂತಲೂ ಗೊತ್ತಿಲ್ಲ. ಇದು ಬರೀ ಗಂಡಸರ ಗೋಳು ಅಂತ ಫೇಸ್‌ಬುಕ್ಕಿನಲ್ಲಿ ಬರೆಯುವವರೂ, ಬರೀ ಹೆಂಗಸರ ಗೋಳು ಅಂತ ಬರೆಯುವವರೂ ಒಂದು ದಿನ ತಾಲೂಕು ಕೋರ್ಟಿನ ಬೇವಿನ ಮರದ ಕೆಳಗೆ ಕೂತು ನೋಡಬೇಕು.

ಆನಿ ಬೆಸೆಂಟ್ ಈ ಎರಡೂ ಕಡೆ ನಿಂತವರು. ಮೊದಲು ಮಗಳನ್ನು ಕಳೆದುಕೊಂಡ ತಾಯಿ. ಮೂವತ್ತೈದು ವರ್ಷದ ಮೇಲೆ, ಕೋರ್ಟು ಹೇಳಿದರೂ ಮಕ್ಕಳನ್ನು ತಂದೆಗೆ ಒಪ್ಪಿಸದ ಪಾಲಕಿ.

ಹುಟ್ಟಿದ್ದು ಲಂಡನ್ನಿನಲ್ಲಿ, 1847ರ ಅಕ್ಟೋಬರ್ 1ರಂದು. ಆನಿ ವುಡ್ ಅಂತ ಹೆಸರು. ಐದು ವರ್ಷಕ್ಕೇ ತಂದೆ ತೀರಿಹೋದರು. 1867ರಲ್ಲಿ, ಇಪ್ಪತ್ತು ತುಂಬಿದ ಕೆಲವೇ ವಾರದಲ್ಲಿ, ಫ್ರಾಂಕ್ ಬೆಸೆಂಟ್ ಎಂಬ ಪಾದ್ರಿಯ ಜೊತೆ ಮದುವೆ. 1869ರಲ್ಲಿ ಮಗ ಡಿಗ್ಬಿ, 1870ರಲ್ಲಿ ಮಗಳು ಮೇಬಲ್. ಆಕೆ ಪತ್ರಿಕೆಗೆ ಕತೆ ಬರೆದು ಮೊದಲ ಸಲ ಮೂವತ್ತು ಶಿಲಿಂಗ್ ಗಳಿಸಿದಾಗ ಒಂದು ವಿಷಯ ಗೊತ್ತಾಯಿತು. ಆ ದುಡ್ಡು ಕಾನೂನಿನ ಪ್ರಕಾರ ಗಂಡನದ್ದು. ಮಕ್ಕಳ ವಿಷಯದಲ್ಲೂ ಲೆಕ್ಕ ಹೆಚ್ಚೂಕಡಿಮೆ ಹಾಗೇ ಇತ್ತು.

1871ರಲ್ಲಿ ಮೇಬಲ್‌ಗೆ ನಾಯಿಕೆಮ್ಮು ಬಂದು ಸಾಯುವ ಹಂತಕ್ಕೆ ಹೋಯಿತು. ಕೂಸು ಉಸಿರಿಗೆ ಒದ್ದಾಡೋದನ್ನು ವಾರಗಟ್ಟಲೆ ನೋಡಿದ ತಾಯಿಗೆ ದೇವರ ಮೇಲಿನ ನಂಬಿಕೆ ಕದಡಿತು. ಪಾದ್ರಿಯ ಹೆಂಡತಿಗೆ ಇದು ಸಣ್ಣ ಸಂಗತಿ ಅಲ್ಲ. ಲಿಂಕನ್‌ಶೈರಿನ ಸಿಬ್ಸಿ ಎಂಬ ಹಳ್ಳಿಯ ಚರ್ಚಿನಲ್ಲಿ ಗಂಡ ಪ್ರಸಾದ ಹಂಚುವಾಗ ಹೆಂಡತಿ ಎದ್ದು ಹೊರಗೆ ಹೋದರೆ ಊರೆಲ್ಲ ಸುದ್ದಿ. ಚರ್ಚಿನ ವಿಧಿ ಪಾಲಿಸು, ಇಲ್ಲವೇ ಮನೆ ಬಿಡು ಅನ್ನುವ ತನಕ ಬಂತು. ಆಕೆ ಮನೆ ಬಿಟ್ಟರು.

1873ರಲ್ಲಿ ಬೇರೆಯಾಗುವ ಒಪ್ಪಂದ ಬರೆಸಿದರು. ಮಗ ತಂದೆ ಹತ್ತಿರ, ಮಗಳು ತಾಯಿ ಹತ್ತಿರ. ಮೇಬಲ್ ವರ್ಷದಲ್ಲಿ ಹನ್ನೊಂದು ತಿಂಗಳು ಅಮ್ಮನ ಜೊತೆ, ಒಂದು ತಿಂಗಳು ಅಪ್ಪನ ಜೊತೆ. ನಮ್ಮ ಕಡೆ ಹಿರಿಯರು ಕೂಡಿ ಸ್ಟಾಂಪ್ ಪೇಪರಿನ ಮೇಲೆ ಮಾಡಿಸುವ ರಾಜಿಯ ಹಾಗೇ ಇದೆ ನೋಡಿ. ಸಹಿ ಹಾಕುವಾಗ ಎಲ್ಲರಿಗೂ ಅದು ಗಟ್ಟಿ ಕಾಗದ ಅನಿಸುತ್ತೆ.

ಐದು ವರ್ಷ ನಡೆಯಿತು. ಅಷ್ಟರಲ್ಲಿ ಆಕೆ ಚಾರ್ಲ್ಸ್ ಬ್ರಾಡ್ಲಾ ಜೊತೆ ಸೇರಿ ನಾಸ್ತಿಕ ಚಳವಳಿಯ ದೊಡ್ಡ ಭಾಷಣಕಾರ್ತಿ ಆಗಿದ್ದರು. 1877ರಲ್ಲಿ ಇಬ್ಬರೂ ಗರ್ಭನಿರೋಧದ ಬಗ್ಗೆ ಅಮೆರಿಕದ ವೈದ್ಯ ನೋಲ್ಟನ್ ಬರೆದಿದ್ದ ಹಳೆಯ ಪುಸ್ತಿಕೆಯನ್ನು ಬೇಕೆಂತಲೇ ಮರುಮುದ್ರಿಸಿದರು. ಬಡವರಿಗೆ ಎಷ್ಟು ಮಕ್ಕಳು ಬೇಕು ಅಂತ ತೀರ್ಮಾನಿಸುವ ಜ್ಞಾನ ಸಿಗಲಿ ಅನ್ನೋದು ವಾದ. ಅಶ್ಲೀಲ ಪ್ರಕಟಣೆಯ ಕೇಸು ಬಿತ್ತು. ಆರು ತಿಂಗಳ ಜೈಲು, 200 ಪೌಂಡ್ ದಂಡ. 1878ರ ಫೆಬ್ರವರಿಯಲ್ಲಿ ಮೇಲ್ಮನವಿಯಲ್ಲಿ, ದೋಷಾರೋಪ ಬರೆದ ರೀತಿಯಲ್ಲೇ ತಪ್ಪಿದೆ ಎಂಬ ತಾಂತ್ರಿಕ ಕಾರಣಕ್ಕೆ, ಶಿಕ್ಷೆ ರದ್ದಾಯಿತು.

ಜೈಲು ತಪ್ಪಿತು, ಮಗಳು ತಪ್ಪಿದಳು. ಅದೇ ವರ್ಷ ಫ್ರಾಂಕ್ ಬೆಸೆಂಟ್ ಕೋರ್ಟಿಗೆ ಹೋಗಿ, ನಾಸ್ತಿಕಳಾದ, ಇಂಥ ಪುಸ್ತಕ ಹಂಚುವ ಹೆಂಗಸಿನ ಬಳಿ ಮಗಳು ಬೆಳೆಯಬಾರದು ಅಂತ ಅರ್ಜಿ ಹಾಕಿದರು. ನ್ಯಾಯಾಧೀಶರು ಸರ್ ಜಾರ್ಜ್ ಜೆಸೆಲ್. ಆನಿ ತಾವೇ ವಾದ ಮಾಡಿದರು. ಹೆಂಗಸೊಬ್ಬಳು ವಕೀಲರಿಲ್ಲದೆ ಎದುರಿಗೆ ನಿಂತದ್ದೇ ಆತನಿಗೆ ಸರಿಬರಲಿಲ್ಲ. ಗಂಡ-ಹೆಂಡತಿ ಮಾಡಿಕೊಂಡ ಕಸ್ಟಡಿ ಒಪ್ಪಂದಕ್ಕೆ 1873ರ ಕಾಯ್ದೆ ಮಾನ್ಯತೆ ಕೊಟ್ಟಿತ್ತು. ಆದರೆ ಮಗುವಿನ ಹಿತಕ್ಕೆ ವಿರುದ್ಧ ಅನಿಸಿದರೆ ಕೋರ್ಟು ಅದನ್ನು ಬದಿಗಿಡಬಹುದಿತ್ತು. ಆ ಕಿಂಡಿಯಿಂದ ಮೇಬಲ್ ಹೊರಗೆ ಹೋದಳು. ತಾಯಿ ಮಗಳನ್ನು ಚೆನ್ನಾಗಿ ನೋಡಿಕೊಂಡಿಲ್ಲ ಅಂತ ಯಾರೂ ಹೇಳಲಿಲ್ಲ. ನಂಬಿಕೆ ಮತ್ತು ರಾಜಕೀಯವೇ ಆಕೆಯ ಅನರ್ಹತೆ ಆಯಿತು. ಇವತ್ತು ಅಂತರ್‌ಧರ್ಮೀಯ ಮದುವೆ ಮುರಿದಾಗ ನಡೆಯುವ ವಾದಗಳನ್ನು ಕೇಳಿದವರಿಗೆ ಇದು 1878ರ ಕತೆ ಅನಿಸೋದಿಲ್ಲ.

ಮೇಬಲ್ ಆಗಷ್ಟೇ ಸ್ಕಾರ್ಲೆಟ್ ಜ್ವರದಿಂದ ಏಳ್ತಾ ಇದ್ದಳು. ಎಂಟೂ ತುಂಬಿರಲಿಲ್ಲ. ತಂದೆಯ ಕಡೆಯಿಂದ ಬಂದ ಮನುಷ್ಯ ಅಳುತ್ತಿದ್ದ, ಒದ್ದಾಡುತ್ತಿದ್ದ ಹುಡುಗಿಯನ್ನು ಎತ್ತಿಕೊಂಡು ಹೋದ. ಆಮೇಲೆ ನೋಡಲು ಬಿಡಲಿಲ್ಲ. ಖಾಲಿ ಮನೆಯಲ್ಲಿ ತಾಸುಗಟ್ಟಲೆ ಅತ್ತಿಂದಿತ್ತ ನಡೆದು ನಡೆದು ಆಕೆಗೆ ಹುಚ್ಚು ಹಿಡಿಯುವ ಹಾಗಾಯಿತು ಅಂತ ಆತ್ಮಕಥೆಯಲ್ಲಿ ತಾವೇ ಬರೆದಿದ್ದಾರೆ. ಕೊನೆಗೆ ಜ್ವರ ಬಂದು ಮಲಗಿದರು.

ಈ ಹೊತ್ತಿನಲ್ಲಿ ಆಕೆ ಹಾಕಿದ ಒಂದು ಪಟ್ಟು ನನಗೆ ಬಹಳ ಹಿಡಿಸಿತು. ಮಕ್ಕಳನ್ನು ತೋರಿಸದಿದ್ದರೆ, ನನ್ನನ್ನು ಮತ್ತೆ ಹೆಂಡತಿಯಾಗಿ ಮನೆಗೆ ಸೇರಿಸಿಕೊಳ್ಳಿ ಅಂತ ದಾಂಪತ್ಯ ಹಕ್ಕಿನ ದಾವೆ ಹೂಡ್ತೀನಿ ಅಂತ ಗಂಡನಿಗೆ ನೋಟಿಸ್ ಕೊಟ್ಟರು. ಗಂಡನ ಜೊತೆ ಬಾಳೋ ಆಸೆಯಿಂದ ಅಲ್ಲ. ಮಕ್ಕಳು ಇರುವ ಮನೆಗೆ ಕಾಲಿಡಲು ಕಾನೂನಿನಲ್ಲಿ ಉಳಿದಿದ್ದ ಬಾಗಿಲು ಅದೊಂದೇ. ಜೆಸೆಲ್ ಮಹಾಶಯರು ಅದನ್ನೂ ಮುಚ್ಚಿದರು. ಒಪ್ಪಂದದಲ್ಲಿ ಆಕೆಗೆ ಮಗಳನ್ನು ಕೊಟ್ಟ ಭಾಗ ನಡೆಯೋದಿಲ್ಲ, ಆದರೆ ಆಕೆ ಇಂಥ ದಾವೆ ಹೂಡಬಾರದು ಎಂಬ ಭಾಗ ನಡೆಯುತ್ತೆ. ಒಂದೇ ಕಾಗದ, ಅರ್ಧ ಜೀವಂತ, ಅರ್ಧ ಸತ್ತದ್ದು.

1879ರಲ್ಲಿ ಮೇಲ್ಮನವಿ ನ್ಯಾಯಾಲಯವೂ ತಂದೆಯ ಪರವೇ ನಿಂತಿತು. ಇಬ್ಬರೂ ಮಕ್ಕಳನ್ನು ಭೇಟಿ ಮಾಡುವ ಅವಕಾಶ ಮಾತ್ರ ಕೊನೆಗೂ ಆಕೆಗೆ ಸಿಕ್ಕಿತು. ಸಿಕ್ಕಿ ಏನಾಯಿತು? ಪ್ರತಿ ಭೇಟಿಯ ನಂತರ ಮೇಬಲ್ ಅಮ್ಮನಿಗಾಗಿ ಕೊರಗುತ್ತಿದ್ದಳು. ಭೇಟಿಯ ಹೊತ್ತಿನಲ್ಲಿ ಮಕ್ಕಳ ಎದುರೇ ತಮ್ಮನ್ನು ಸಣ್ಣಪುಟ್ಟ ರೀತಿಯಲ್ಲಿ ಅವಮಾನ ಮಾಡಲಾಗುತ್ತಿತ್ತು ಅಂತ ಆಕೆ ಬರೆಯುತ್ತಾರೆ. ಇವತ್ತು ಅಲ್ಲದಿದ್ದರೆ ನಾಳೆ ಮಕ್ಕಳಿಗೆ ಅದು ಅರ್ಥವಾಗುತ್ತೆ, ನೋವಾಗುತ್ತೆ. ಹಾಗಾಗಿ ಮಕ್ಕಳು ದೊಡ್ಡವರಾಗಿ ತಾವೇ ವಿಚಾರ ಮಾಡುವ ತನಕ ನೋಡುವುದೂ ಬೇಡ, ಪತ್ರ ಬರೆಯುವುದೂ ಬೇಡ ಅಂತ ನಿರ್ಧರಿಸಿದರು. ಆದೇಶ ಕೈಯಲ್ಲಿತ್ತು. ಆಕೆ ಅದನ್ನು ಮಡಚಿಟ್ಟರು.

ಇದನ್ನು ತ್ಯಾಗ ಅಂತ ಹೊಗಳುವವರಿದ್ದಾರೆ. ನನಗೆ ಹಾಗೆ ಹೊಗಳುವುದು ಇಷ್ಟವಿಲ್ಲ. ಮಗುವನ್ನು ಇಟ್ಟುಕೊಂಡವರು ಬರೀ ಕಿರಿಕಿರಿ ಮಾಡುತ್ತಾ ಹೋದರೆ ಇನ್ನೊಬ್ಬರು ತಾವಾಗೇ ಸುಸ್ತಾಗಿ ಬಿಡುತ್ತಾರೆ. ಮೂಡಲಗಿಯ ಆ ಕರದಂಟಿನ ಅಪ್ಪನೂ ಈಗ ಅದೇ ಹಂತದಲ್ಲಿ ಇದ್ದಾನೆ. ಹೋಗೋದೇ ಬಿಟ್ಟುಬಿಡ್ಲಾ, ಹುಡುಗಿಗೆ ಯಾಕೆ ತ್ರಾಸು ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ, ಆದರೆ ಕಾನೂನು ಓದಿದೆ.

ಇಂಜಿನಿಯರಿಂಗಿನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಪೇಪರ್ ಇರುತ್ತೆ. ಟ್ಯಾಂಕಿನ ನೀರು ಇಷ್ಟು ಮಟ್ಟದಲ್ಲಿರಬೇಕು ಅಂತ ಬರೆದಿಟ್ಟರೆ ಸಾಲದು, ವಾಲ್ವ್ ತಿರುಗಿಸುವ ಮೋಟರ್ ಬೇಕು. ನಮ್ಮ ಭೇಟಿ ಹಕ್ಕಿನ ಆದೇಶಗಳಲ್ಲಿ ಮಟ್ಟ ಬರೆದಿರುತ್ತೆ, ಮೋಟರ್ ಬಹಳ ಸಣ್ಣದು. ಎಷ್ಟು ಸಣ್ಣದು ಅಂದರೆ, 1890ರ ಪಾಲಕರು ಮತ್ತು ಪಾಲಿತರ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ಅದರ 45ನೇ ಸೆಕ್ಷನ್ ಪ್ರಕಾರ, ಮಗುವನ್ನು ಹಾಜರುಪಡಿಸಿ ಅಂತ ಕೋರ್ಟು ಹೇಳಿದರೂ ಮಾಡದವರಿಗೆ ದಂಡ 100 ರೂಪಾಯಿಯವರೆಗೆ. ಮುಂದುವರಿಸಿದರೆ ದಿನಕ್ಕೆ 10 ರೂಪಾಯಿ, ಒಟ್ಟು 500 ಮೀರುವಂತಿಲ್ಲ. ಒಂದೂಕಾಲು ಶತಮಾನದ ಹಿಂದೆ ಅದು ದೊಡ್ಡ ಮೊತ್ತ. ಇವತ್ತು ಒಂದು ವಾರದ ಪೆಟ್ರೋಲಿಗೂ ಸಾಲದು. ಅದೇ ಸೆಕ್ಷನ್ನಿನಲ್ಲಿ ಸಿವಿಲ್ ಜೈಲಿನ ಅವಕಾಶವೂ ಇದೆ.

ಉಳಿದ ದಾರಿಗಳಿವೆ. ಆದೇಶ ಕೊಟ್ಟ ಕೋರ್ಟಿನಲ್ಲೇ ಅಮಲ್ಜಾರಿ ಅರ್ಜಿ ಹಾಕಬಹುದು. ಬೇಕಂತಲೇ ಆದೇಶ ಮೀರಿದವರ ಆಸ್ತಿ ಜಪ್ತಿಗೂ ಸಿವಿಲ್ ಜೈಲಿಗೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 32ನೇ ನಿಯಮದಲ್ಲಿ ಅವಕಾಶವಿದೆ. ನ್ಯಾಯಾಂಗ ನಿಂದನೆಗೆ 1971ರ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು, 2000 ರೂಪಾಯಿವರೆಗೆ ದಂಡ ಇದೆ. ಆದರೆ ಕೆಳಗಿನ ಕೋರ್ಟಿನ ಆದೇಶದ ನಿಂದನೆ ಹೈಕೋರ್ಟಿನಲ್ಲಿ ತೀರ್ಮಾನವಾಗಬೇಕು, ನಮಗೆ ಅಂದರೆ ಧಾರವಾಡ ಪೀಠದಲ್ಲಿ. ಒಂದು ವರ್ಷದ ಒಳಗೇ ಶುರು ಮಾಡಬೇಕು. ಇದು ಗೊತ್ತಿಲ್ಲದೆ ಹಿರಿಯರ ಮಾತು ನಂಬಿ ಎರಡು ವರ್ಷ ಕಾದವರು ನನಗೆ ಸಿಕ್ಕಿದ್ದಾರೆ. ಇನ್ನು ಠಾಣೆಗೆ ಹೋದರೆ, ಇದು ಸಿವಿಲ್ ಮ್ಯಾಟರ್ ಅನ್ನುವ ಉತ್ತರವೇ ಸಾಮಾನ್ಯ. ಅದು ಪೂರ್ತಿ ಸುಳ್ಳೂ ಅಲ್ಲ, ಪೊಲೀಸ್ ನೆರವು ಬೇಕಾದರೆ ಅದನ್ನು ಕೋರ್ಟಿನ ಆದೇಶದಲ್ಲೇ ಬರೆಸಿಕೊಳ್ಳಬೇಕು.

ಮೊದಲೇ ಆದೇಶ ಸರಿಯಾಗಿ ಬರೆಸೋದು ಇದೆಲ್ಲಕ್ಕಿಂತ ಮುಖ್ಯ. ಭೇಟಿ ಅಂತ ಬರೆದು ಜಾಗ ಬರೆಯದಿದ್ದರೆ ಆ ಭೇಟಿ ಆಗೋದಿಲ್ಲ ಅಂತಲೇ ತಿಳಿಯಿರಿ. ಯಾವ ಊರು, ಯಾರ ಮನೆ ಅಥವಾ ಕೋರ್ಟಿನ ಆವರಣ, ಎಷ್ಟು ಗಂಟೆಗೆ, ಮಗುವನ್ನು ಯಾರು ಕರೆತರಬೇಕು, ಜ್ವರ ಬಂದರೆ ಬದಲಿ ದಿನ ಯಾವುದು, ವಿಡಿಯೋ ಕಾಲ್ ಯಾವಾಗ, ಎಲ್ಲ ಇರಬೇಕು. ವಿಡಿಯೋ ಕಾಲಿನ ಸಂಪರ್ಕವನ್ನು 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ. ತಂದೆ-ತಾಯಿ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು ಅನ್ನೋದು ಅದರ ತಿರುಳು. ಹೋಗಿ ಬಾಗಿಲು ಹಾಕಿದ್ದರೆ ಅವತ್ತೇ ಅವರಿಗೆ ಮೆಸೇಜ್ ಮಾಡಿ ಇಟ್ಟುಕೊಳ್ಳಿ, ಬೈಯಬೇಡಿ. ಸಿಟ್ಟಿಗೆ ಜೀವನಾಂಶ ನಿಲ್ಲಿಸಬೇಡಿ. ಅದು ಮಗುವಿನ ಅನ್ನ, ಅದಕ್ಕೂ ಭೇಟಿಗೂ ಗಂಟು ಹಾಕಿದವರ ಕೇಸು ಕೆಟ್ಟಿದ್ದೇ ಹೆಚ್ಚು. ಇನ್ನೊಂದು ಮಾತು: ಹೊಡೆತ ತಿಂದು ಹೊರಬಂದ ತಾಯಿ ಮಗುವನ್ನು ಕಳಿಸಲು ಹೆದರಿದರೆ ಅದು ಹಟ ಅಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 21ನೇ ಸೆಕ್ಷನ್, ಮಗುವಿಗೆ ಅಪಾಯ ಇದೆ ಅನಿಸಿದರೆ ಭೇಟಿ ನಿರಾಕರಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಟ್ಟಿದೆ. ಬೀಗ ಹಾಕಿ ಕೂರುವ ಬದಲು ಅಲ್ಲಿಗೆ ಹೋಗಬೇಕು.

ಬೆಸೆಂಟ್ ಕತೆಗೆ ವಾಪಸ್ ಬರೋಣ. 1888ರಲ್ಲಿ ಬೆಂಕಿಪೊಟ್ಟಣ ಕಾರ್ಖಾನೆಯ ಹುಡುಗಿಯರ ಮುಷ್ಕರ, 1889ರಲ್ಲಿ ಥಿಯಾಸಫಿ, 1893ರಲ್ಲಿ ಭಾರತ. ಈ ನಡುವೆ ಡಿಗ್ಬಿ ಮತ್ತು ಮೇಬಲ್ ಪ್ರಾಯಕ್ಕೆ ಬಂದವರೇ ಅಮ್ಮನನ್ನು ಹುಡುಕಿಕೊಂಡು ಬಂದರು. ಹತ್ತು ವರ್ಷ ದೂರವಿಟ್ಟರೂ ಮಕ್ಕಳು ತಾಯಿಯನ್ನು ಮರೆತಿರಲಿಲ್ಲ. ಮೇಬಲ್ ಮುಂದೆ ಅರ್ನೆಸ್ಟ್ ಸ್ಕಾಟ್ ಎಂಬ ಪತ್ರಕರ್ತನನ್ನು ಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಹೋದಳು.

1907ರಲ್ಲಿ ಆಕೆ ಥಿಯಾಸಫಿಕಲ್ ಸೊಸೈಟಿಯ ಅಧ್ಯಕ್ಷೆ, ಕೇಂದ್ರ ಮದ್ರಾಸಿನ ಅಡ್ಯಾರ್. 1909ರಲ್ಲಿ ನಾರಾಯಣಯ್ಯ ಎಂಬ ನಿವೃತ್ತ ತಹಶೀಲ್ದಾರರು ಮಕ್ಕಳ ಜೊತೆ ಅಲ್ಲಿಗೆ ಬಂದರು. ಹೆಂಡತಿ ತೀರಿಕೊಂಡಿದ್ದರು. ಅವರ ಮಗ ಕೃಷ್ಣಮೂರ್ತಿಯಲ್ಲಿ ಸೊಸೈಟಿಯ ಲೆಡ್‌ಬೀಟರ್‌ಗೆ ಮುಂದಿನ ಜಗದ್ಗುರು ಕಂಡ. ಹೌದು, ನಾವು ಓದುವ ಅದೇ ಜೆ. ಕೃಷ್ಣಮೂರ್ತಿ. 1910ರ ಮಾರ್ಚ್‌ನಲ್ಲಿ ನಾರಾಯಣಯ್ಯ ಕೃಷ್ಣ ಮತ್ತು ಅವನ ತಮ್ಮ ನಿತ್ಯರ ಪಾಲಕತ್ವವನ್ನು ಬೆಸೆಂಟ್‌ಗೆ ಬರೆದುಕೊಟ್ಟರು. ಮತ್ತೆ ಒಂದು ಕಾಗದ, ಮತ್ತೆ ಒಂದು ಸಹಿ.

ಆಮೇಲೆ ಅವರ ಮನಸ್ಸು ಬದಲಾಯಿತು. ಲೆಡ್‌ಬೀಟರ್ ಬಗ್ಗೆ ಅವರಿಗೆ ಗಂಭೀರ ಅನುಮಾನಗಳಿದ್ದವು, ಮಕ್ಕಳು ಆತನ ಹತ್ತಿರ ಸುಳಿಯುವುದೇ ಬೇಡವಾಗಿತ್ತು. ಅಷ್ಟರಲ್ಲಿ 1912ರಲ್ಲಿ ಹುಡುಗರು ಇಂಗ್ಲೆಂಡಿಗೆ ಹೋಗಿಯಾಗಿತ್ತು. ವಾಪಸ್ ಕೊಡಿ ಅಂದರು, ಬೆಸೆಂಟ್ ಕೊಡಲಿಲ್ಲ. ಆ ವರ್ಷ ಚೆಂಗಲ್ಪಟ್ಟು ಜಿಲ್ಲಾ ಕೋರ್ಟಿನಲ್ಲಿ ದಾವೆ ಬಿತ್ತು, ಅಲ್ಲಿಂದ ಮದ್ರಾಸ್ ಹೈಕೋರ್ಟಿಗೆ ಹೋಯಿತು. ತಂದೆಯ ಪರ ವಕೀಲರು ಸಿ. ಪಿ. ರಾಮಸ್ವಾಮಿ ಅಯ್ಯರ್. ಮುಂದೆ ಹೋಂ ರೂಲ್‌ನಲ್ಲಿ ಅವರೇ ಬೆಸೆಂಟ್‌ರ ಬಲಗೈ ಆದರು, ರಾಜಕೀಯ ಅಂದರೆ ಹೀಗೇ. ಬೆಸೆಂಟ್ ಮತ್ತೆ ತಾವೇ ವಾದಿಸಿದರು, 1878ರ ಹಾಗೆ. ಈ ಸಲ ಬೇರೆಯವರ ಮಕ್ಕಳಿಗಾಗಿ.

1913ರ ಏಪ್ರಿಲ್ 15ರಂದು ನ್ಯಾಯಮೂರ್ತಿ ಬೇಕ್‌ವೆಲ್ ತೀರ್ಪು ಕೊಟ್ಟರು: ಮೇ 26ರೊಳಗೆ ಇಬ್ಬರೂ ಹುಡುಗರನ್ನು ತಂದೆಗೆ ಒಪ್ಪಿಸಬೇಕು. ಬೆಸೆಂಟ್ ಒಪ್ಪಿಸಲಿಲ್ಲ. ಮೇಲ್ಮನವಿ, ತಡೆ. ಅಕ್ಟೋಬರಿನಲ್ಲಿ ಮದ್ರಾಸಿನ ಮೇಲ್ಮನವಿಯೂ ಸೋತಿತು. ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋದರು. 1914ರ ಮೇ ತಿಂಗಳಲ್ಲಿ ಅಲ್ಲಿ ಗೆದ್ದರು. ಮಕ್ಕಳು ಇಂಗ್ಲೆಂಡಿನಲ್ಲಿದ್ದಾಗ ಚೆಂಗಲ್ಪಟ್ಟು ಕೋರ್ಟಿಗೆ ಅಧಿಕಾರವೇ ಇರಲಿಲ್ಲ, ಹುಡುಗರ ಇಚ್ಛೆ ಏನೆಂದು ಕೇಳಬೇಕಿತ್ತು ಅನ್ನೋದು ತೀರ್ಪಿನ ಸಾರ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು: ತಂದೆ ಪಾಲಕತ್ವವನ್ನು ಬೇರೆಯವರಿಗೆ ವಹಿಸಿಕೊಟ್ಟರೂ ಅದನ್ನು ಹಿಂದಕ್ಕೆ ಪಡೆಯಬಹುದು. ಅಂದರೆ ತತ್ವದಲ್ಲಿ ತಂದೆ ಸರಿ, ಕೋರ್ಟಿನ ವಿಳಾಸ ತಪ್ಪು.

ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೋ ಅಲ್ಲಿನ ಕೋರ್ಟಿಗೇ ಹೋಗಬೇಕು ಅನ್ನುವ ಈ 9ನೇ ಸೆಕ್ಷನ್ 1890ರ ಕಾಯ್ದೆಯಲ್ಲಿ ಈಗಲೂ ಹಾಗೇ ಇದೆ. ಹುಕ್ಕೇರಿ ತಾಲೂಕಿನಿಂದ ಮಹಾರಾಷ್ಟ್ರ ಎಷ್ಟು ದೂರ? ಸಂಕೇಶ್ವರದಲ್ಲಿ ಹೈವೇ ಹತ್ತಿದರೆ ಸಾಕು. ಮಗುವನ್ನು ಆಚೆ ದಾಟಿಸಿ ಶಾಲೆಗೆ ಸೇರಿಸಿದರೆ, ನಿಮ್ಮ ಅರ್ಜಿ ಇಲ್ಲಿ ನಡೆಯೋದಿಲ್ಲ ಅಂತ ವಾದ ಶುರು. ದಾಟಿಸಿದ ಮರುದಿನವೇ ಅದು ವಾಸಸ್ಥಳ ಆಗೋದಿಲ್ಲ ಅನ್ನುವುದಕ್ಕೆ ತೀರ್ಪುಗಳಿವೆ. ಆದರೆ ವಾದ ಮುಗಿಯುವಷ್ಟರಲ್ಲಿ ಮಗು ಒಂದು ತರಗತಿ ಪಾಸಾಗಿರುತ್ತೆ.

ಬೆಸೆಂಟ್ ಅಭಿಮಾನಿಗಳು 1913ನ್ನು ಬೇಗ ದಾಟಿಬಿಡುತ್ತಾರೆ. ನನಗೆ ದಾಟೋಕೆ ಆಗಲಿಲ್ಲ. ಮಗಳನ್ನು ಎತ್ತಿಕೊಂಡು ಹೋದ ದಿನದ ಸಂಕಟವನ್ನು ಅಷ್ಟು ಚೆನ್ನಾಗಿ ಬರೆದವರಿಗೆ ನಾರಾಯಣಯ್ಯನ ಮನೆಯ ಮೌನ ಕೇಳಿಸಲಿಲ್ಲವೇ? ಮಕ್ಕಳ ಹಿತ ತಮಗೇ ಹೆಚ್ಚು ಗೊತ್ತು ಅಂತ ಫ್ರಾಂಕ್ ಬೆಸೆಂಟ್ ನಂಬಿದ್ದರು, ಜೆಸೆಲ್ ನಂಬಿದ್ದರು, ಈಗ ಆಕೆಯೂ ನಂಬಿದರು. ಆಕೆಯ ಪರವಾಗಿ ಒಂದು ಮಾತು ಹೇಳಬಹುದು: ಕೃಷ್ಣನಿಗೆ ಆಗ ಹದಿನೆಂಟು, ಎಂಟಲ್ಲ. ಅವನಿಗೂ ನಿತ್ಯನಿಗೂ ಆಕೆಯ ಜೊತೆಗಿರುವುದೇ ಬೇಕಿತ್ತು, ಮೇಬಲ್‌ನ ಹಾಗೆ ಚೀರಾಡುವವರನ್ನು ಹೊತ್ತೊಯ್ದದ್ದಲ್ಲ. ಆದರೆ ಲಂಡನ್ನಿನವರೆಗೆ ಕೇಸು ನಡೆಸುವ ಬಲ ಸೊಸೈಟಿಯ ಅಧ್ಯಕ್ಷೆಗೆ ಇತ್ತು. ನಿವೃತ್ತ ತಹಶೀಲ್ದಾರನೊಬ್ಬ ಮದ್ರಾಸಿನಲ್ಲಿ ಎರಡು ಸಲ ಗೆದ್ದೂ ಒಂದು ದಿನ ಕೂಡ ಮಕ್ಕಳನ್ನು ಮನೆಗೆ ತರಲಾಗಲಿಲ್ಲ. ಕಾಲ ಕಳೆಯುವುದೇ ಇಂಥ ಕೇಸುಗಳಲ್ಲಿ ಗೆಲುವು, ಮತ್ತು ಕಾಲ ಕಳೆಯೋಕೆ ದುಡ್ಡು ಬೇಕು. ಭೇಟಿ ಆದೇಶ ಮೀರಿದ ಅರ್ಜಿಗಳಿಗೆ ಇಂತಿಷ್ಟು ವಾರದೊಳಗೆ ತೀರ್ಮಾನ ಅಂತ ಗಡುವು ಬರಬೇಕು, 100 ರೂಪಾಯಿಯ ದಂಡ ಹೋಗಬೇಕು ಅಂತ ನಾನು ಕೇಳೋದು ಇದಕ್ಕೇ. ಕಾನೂನು ಆಯೋಗ 2015ರಲ್ಲಿ, 257ನೇ ವರದಿಯಲ್ಲಿ, ಜಂಟಿ ಕಸ್ಟಡಿ ಮತ್ತು ಭೇಟಿಯ ನಿಯಮಗಳನ್ನು ಕಾಯ್ದೆಗೇ ಸೇರಿಸಿ ಅಂತ ಶಿಫಾರಸು ಮಾಡಿತ್ತು. ನಮ್ಮ ಸಂಸದರು ಯಾರಾದರೂ ಅದನ್ನು ತೆರೆದು ನೋಡಿದ್ದಾರಾ ಅಂತ ಮುಂದಿನ ಸಲ ಊರಿಗೆ ಬಂದಾಗ ಕೇಳಿ.

1917ರಲ್ಲಿ ಸರ್ಕಾರ ಬೆಸೆಂಟ್‌ರನ್ನು ಊಟಿಯಲ್ಲಿ ಬಂಧನದಲ್ಲಿಟ್ಟಿತು, ಬಿಡುಗಡೆಯಾದ ವರ್ಷವೇ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷೆಯಾದರು. ಮೊದಲ ಮಹಿಳಾ ಅಧ್ಯಕ್ಷೆ. 1929ರಲ್ಲಿ ಕೃಷ್ಣಮೂರ್ತಿ ಜಗದ್ಗುರುವಿನ ಪಟ್ಟವನ್ನೂ ಅದಕ್ಕಾಗಿ ಕಟ್ಟಿದ ಸಂಘವನ್ನೂ ಬಿಟ್ಟು ನಡೆದರು. 1933ರ ಸೆಪ್ಟೆಂಬರ್ 20ರಂದು ಅಡ್ಯಾರಿನಲ್ಲಿ ಬೆಸೆಂಟ್ ತೀರಿಕೊಂಡರು.

ಮದ್ರಾಸ್ ಹೈಕೋರ್ಟಿನ ಗಡುವು ಮುಗಿದು ಎಂಟು ವರ್ಷವಾದ ಮೇಲೆ, 1921ರ ಡಿಸೆಂಬರಿನಲ್ಲಿ, ಕೃಷ್ಣ ಮತ್ತು ನಿತ್ಯ ಮೊದಲ ಸಲ ಭಾರತಕ್ಕೆ ವಾಪಸ್ ಬಂದರು. ಮದ್ರಾಸಿಗೆ ಬಂದಾಗ ಇಬ್ಬರೂ ಅಪ್ಪನನ್ನು ನೋಡೋಕೆ ಹೋದರು, ಯಾವ ಕೋರ್ಟಿನ ಆದೇಶವೂ ಇಲ್ಲದೆ.